ಅತ್ತೆಯ ಲಿವರಿನ ಮೇಲಿನ ಕಲೆ

ನಮ್ಮ ಅತ್ತೆ ಊಟ ಅರ್ಧಕ್ಕೆ ಬಿಟ್ಟು ಎದ್ದದ್ದನ್ನು ನಾನು ಮೊದಲ ಸಲ ನೋಡಿದ್ದು ಹುಣಸೆಹಣ್ಣಿನ ಹಂಗಾಮಿನಲ್ಲಿ. ಅಂಗಳದ ತುಂಬ ಹಣ್ಣು ಹರವಿತ್ತು. ಓಣಿಯ ಹೆಂಗಸರು ಸಾಲಾಗಿ ಕೂತು ಹಣ್ಣು ಬಡಿದು ಬೀಜ ಬಿಡಿಸುತ್ತಿದ್ದರು. ಅತ್ತೆ ಅವರ ನಡುವೆ ಕೂತು, ಎಲ್ಲರಿಗಿಂತ ಜೋರಾಗಿ ಬಡಿಯುತ್ತ, ಎಲ್ಲರಿಗಿಂತ ಜೋರಾಗಿ ಮಾತಾಡುತ್ತ ಇದ್ದು, ಮಧ್ಯಾಹ್ನ ಕೈ ತೊಳೆದುಕೊಂಡು ಒಳಗೆ ಬಂದರು. ನಾನು ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ಅರ್ಧ ರೊಟ್ಟಿ ತಿಂದು ತಾಟು ಸರಿಸಿದರು.

"ಯಾಕ್ರಿ ಅತ್ತೀ, ಪಲ್ಯಾ ಚಲೋ ಆಗಿಲ್ಲೇನ್ರಿ?"

"ಪಲ್ಯಾ ಚಲೋನ ಆಗೇತಿ. ಹೊಟ್ಟಿ ತುಂಬ್ತು."

ಅತ್ತೆಯ ಹೊಟ್ಟೆ ಅರ್ಧ ರೊಟ್ಟಿಗೆ ತುಂಬುವಂಥದಲ್ಲ. ಮಾವನವರು ತೀರಿಕೊಂಡ ಮೇಲೆ ಹುಣಸೆಹಣ್ಣಿನ ವ್ಯಾಪಾರವನ್ನು ಒಬ್ಬರೇ ಹೆಗಲ ಮೇಲೆ ಹೊತ್ತವರು ಅವರು. ಯಳವಿ, ಕುಣಿಕೋಣೂರ ಅಂತ ಸುತ್ತಿನ ಊರುಗಳಿಗೆ ಹೋಗಿ ಮರದ ಹಣ್ಣನ್ನು ಮರದ ಮೇಲಿದ್ದಾಗಲೇ ಚೌಕಾಸಿ ಮಾಡಿ ಹಿಡಿಯುತ್ತಿದ್ದರು. ಬಿಸಿಲಲ್ಲಿ ತಿರುಗಿ ಬಂದು ನಾಲ್ಕು ರೊಟ್ಟಿ ಉಂಡು, ಮೇಲೊಂದು ಚೆರಿಗೆ ಮಜ್ಜಿಗೆ ಕುಡಿದು, ಇನ್ನೂ ಏನಾದರೂ ಐತೇನು ಎಂದು ಕೇಳುವ ಹೆಂಗಸು. ಆಮೇಲೆ ನಾನು ಗಮನ ಇಟ್ಟು ನೋಡತೊಡಗಿದೆ. ದಿನ ಕಳೆದಂತೆ ಅರ್ಧ ರೊಟ್ಟಿ ಕಾಲು ರೊಟ್ಟಿಯಾಯಿತು. ನಾನು ಮಹಾರಾಷ್ಟ್ರದ ಗಡಿಯೊಳಗಿನ ಉಮದಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟವಳು. ಅತ್ತೆಯ ಜಂಪರಗಳೆಲ್ಲ ನನ್ನ ಕೈಯವೇ. ಸಂಕ್ರಾಂತಿಗೆ ಹೊಲಿದ ಜಂಪರ ಯುಗಾದಿಯ ಹೊತ್ತಿಗೆ ಅವರ ತೋಳಿನಲ್ಲಿ ಜೋತಾಡುತ್ತಿತ್ತು. ಅದನ್ನು ಒಳಹೊಲಿಗೆ ಹಾಕಿ ಚಿಕ್ಕದು ಮಾಡಿಕೊಟ್ಟು, ಡಾಕ್ಟರಿಗೆ ತೋರಿಸೋಣ ಎಂದೆ.

"ಹುಳಿ ವ್ಯಾಪಾರ ಮಾಡಿ ಹೊಟ್ಟ್ಯಾಗ ಹುಳಿ ತುಂಬೇತಿ, ಅಷ್ಟ" ಎಂದು ಅತ್ತೆ ನಕ್ಕುಬಿಟ್ಟರು. ಆದರೆ ಊರಿನ ಡಾಕ್ಟರು ನಗಲಿಲ್ಲ. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ರಕ್ತ ಬಹಳ ಕಡಿಮೆಯಾಗಿದೆ ಎಂದರು. ಹೊರಕಡೆಗೆ ಹೋದಾಗ ಮಲ ಕಪ್ಪಗಿರುತ್ತದೆಯೇ ಎಂದು ಕೇಳಿದರು. ಅತ್ತೆ ನನ್ನ ಕಡೆ ನೋಡಿ ಹೌದೆಂದು ತಲೆ ಆಡಿಸಿದರು. ಅಷ್ಟು ದಿನ ಆ ಮಾತನ್ನು ಅವರು ನನಗೂ ಹೇಳಿರಲಿಲ್ಲ. ತಡ ಮಾಡದೆ ವಿಜಯಪುರಕ್ಕೆ ಹೋಗಿ ಹೊಟ್ಟೆಯೊಳಗೆ ದುರ್ಬೀನು ಬಿಟ್ಟು ನೋಡಿಸಿರಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು.

ನಮ್ಮ ಯಜಮಾನರು ವಡಾಪ ಓಡಿಸುತ್ತಾರೆ. ನಮ್ಮ ಕಡೆ ಊರಿಂದೂರಿಗೆ ಮಂದಿ ತುಂಬಿಕೊಂಡು ಹೋಗುವ ಜೀಪಿಗೆ ಹಾಗನ್ನುತ್ತೇವೆ. ಅವತ್ತು ಬೇರೆ ಯಾರನ್ನೂ ಹತ್ತಿಸಿಕೊಳ್ಳದೆ ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೊರಟರು. ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಬಿಟ್ಟು ಹೋಗುವುದನ್ನು ನೋಡಿ ಅತ್ತೆ ಗೊಣಗಿದರು.

ದುರ್ಬೀನಿನಲ್ಲಿ ಹೊಟ್ಟೆಯೊಳಗಿನ ಜಠರದ ಕೆಳಭಾಗದಲ್ಲಿ ಒಂದು ಹುಣ್ಣು ಕಂಡಿತು. ಅದರ ಚೂರು ತೆಗೆದು ತಪಾಸಣೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಆ ಶಬ್ದವನ್ನು ಡಾಕ್ಟರು ನನಗೂ ಯಜಮಾನರಿಗೂ ಹೇಳುವಾಗ ಅತ್ತೆ ಹೊರಗೆ ಬೆಂಚಿನ ಮೇಲೆ ಕೂತು ಪಕ್ಕದ ಹೆಂಗಸಿನ ಊರು, ಮನೆತನ ವಿಚಾರಿಸುತ್ತಿದ್ದರು. ಕ್ಯಾನ್ಸರ್ ಹೊಟ್ಟೆಯಲ್ಲಷ್ಟೇ ಇದೆಯೋ, ಬೇರೆ ಕಡೆ ಹರಡಿದೆಯೋ, ಅದನ್ನು ಮೊದಲು ನೋಡಬೇಕು, ಆಪರೇಷನ್ ಮಾಡುವುದೋ ಬೇಡವೋ ಅನ್ನುವುದು ಅದರ ಮೇಲೆ ನಿಂತಿದೆ ಎಂದು ಡಾಕ್ಟರು ಹೇಳಿ ಸಿ.ಟಿ. ಸ್ಕ್ಯಾನಿಗೆ ಕಳಿಸಿದರು.

ಅತ್ತೆ ಸ್ಕ್ಯಾನ್ ಮುಗಿಸಿಕೊಂಡು ಹೊರಗೆ ಬಂದಾಗ ಮುಖ ಕೆಂಪಗಾಗಿತ್ತು. ನನ್ನನ್ನು ಬದಿಗೆ ಕರೆದು ಪಿಸುಗುಟ್ಟಿದರು:

"ಅದೇನೋ ಔಷಧ ಏರಿಸಿದ್ರ ನೋಡು, ಮೈಯೊಳಗ ಬಿಸಿನೀರ ಹರದಂಗ ಆತು. ಕೂಸಿನಂಗ ಹಾಸಿಗ್ಯಾಗ ಮಾಡ್ಕೊಂಡ್ನೇನೋ ಅಂತ ಭಾಳ ನಾಚಿಕಿ ಬಂತ ಯವ್ವಾ. ಎದ್ದು ನೋಡಿದ್ರ ಬಟ್ಟಿ ಒಣಾನ ಐತಿ!"

ನಾವಿಬ್ಬರೂ ಆ ಕಾರಿಡಾರಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ನಕ್ಕೆವು. ಆಮೇಲೆ ಬಹಳ ದಿನ ನಾವು ಹಾಗೆ ನಗಲಿಲ್ಲ.

ಸ್ಕ್ಯಾನಿನಲ್ಲಿ ಜಠರದ ಗೋಡೆ ದಪ್ಪವಾಗಿತ್ತು. ಪಕ್ಕದಲ್ಲಿ ಕೆಲವು ಗಂಟುಗಳು ಬಾತಿದ್ದವು. ಅಷ್ಟಾದರೆ ಆಪರೇಷನ್ ಮಾಡಬಹುದು ಎಂದರು ಡಾಕ್ಟರು. ಆದರೆ ಲಿವರಿನ ಮೇಲೆ ಒಂದು ಕಲೆ ಕಂಡಿತ್ತು. "ಇದು ಕ್ಯಾನ್ಸರ್ ಹರಡಿದ್ದೂ ಇರಬಹುದು, ಬೇರೆ ಏನಾದರೂ ಇರಬಹುದು. ಈ ಸ್ಕ್ಯಾನಿನಲ್ಲಿ ಹೇಳಲಿಕ್ಕೆ ಆಗೋದಿಲ್ಲ. ಹರಡಿದ್ದರೆ ಹೊಟ್ಟೆ ಕೊಯ್ದು ಉಪಯೋಗ ಇಲ್ಲ. ಎಂ.ಆರ್.ಐ. ಮಾಡಿಸಿ, ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿರಿ" ಎಂದು ಸಾವಕಾಶವಾಗಿ, ಎರಡು ಸಲ ಬಿಡಿಸಿ ಹೇಳಿದರು. ಅವರ ಮಾತಿನಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಆ ಮಾತು ವಿಜಯಪುರದಿಂದ ಉಮದಿಗೆ ಬರುವಷ್ಟರಲ್ಲಿ ಬೇರೆಯೇ ಆಗಿತ್ತು.

ಯಜಮಾನರು ದಾರಿಯಲ್ಲೇ ತಮ್ಮ ಸೋದರಮಾವನಿಗೆ ಫೋನ್ ಮಾಡಿದ್ದರು. ಅತ್ತೆಯ ಬೆನ್ನಿಗೆ ಹುಟ್ಟಿದ ತಮ್ಮ ಅವರು, ಕುಣಿಕೋಣೂರದಲ್ಲಿ ಒಕ್ಕಲುತನ. ಅಕ್ಕನೆಂದರೆ ಜೀವ. ಫೋನಿನಲ್ಲಿ ಅವರ ಕಿವಿಗೆ ಬಿದ್ದದ್ದು ಎರಡೇ ಮಾತು: ಲಿವರು ಮತ್ತು ಉಪಯೋಗ ಇಲ್ಲ. ನಾವು ಮನೆ ಮುಟ್ಟುವುದರೊಳಗೆ ಅವರು ಬಂದು ಕಟ್ಟೆಯ ಮೇಲೆ ತಲೆಗೆ ಕೈ ಹಚ್ಚಿ ಕೂತಿದ್ದರು. ಮರುದಿನದಿಂದ ಬೀಗರು ಬಿಜ್ಜರು ಹಣ್ಣು, ಎಳನೀರು ಹಿಡಿದುಕೊಂಡು ಬರತೊಡಗಿದರು. ಬಂದವರು ಅತ್ತೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಪಡಸಾಲೆಯಲ್ಲಿ ಆ ಸೋದರಮಾವ ನನಗೂ ಯಜಮಾನರಿಗೂ ತಗ್ಗಿದ ದನಿಯಲ್ಲಿ ಹೇಳಿದರು:

"ಲಿವರಿಗೆ ಹತ್ತೇತಿ ಅಂದ್ರ ಮುಗೀತಪಾ. ಇನ್ನ ಯಾಕ ಕೊಯ್ಸಿ, ಚುಚ್ಚಿಸಿ ತ್ರಾಸ ಕೊಡ್ತೀರಿ? ಉಂಡಷ್ಟು ಉಣ್ಲಿ, ಮನ್ಯಾಗ ಸುಖದಿಂದ ಇರ್ಲಿ."

ಯಜಮಾನರು ಜೀಪಿನ ಕೀಲಿ ಕೈಯಲ್ಲಿ ತಿರುಗಿಸುತ್ತ ನೆಲ ನೋಡಿದರು. ಅದನ್ನು ಕಂಡು ನನಗೆ ಸಿಟ್ಟೂ ಬಂತು, ಕನಿಕರವೂ ಬಂತು. ನಾನು ಬಾಯಿ ತೆಗೆಯುವುದರೊಳಗೆ ಒಳಗಿನಿಂದ ಅತ್ತೆಯ ಕರೆ ಕೇಳಿಸಿತು.

ಹೋಗಿ ಹಾಸಿಗೆಯ ಬದಿಗೆ ಕೂತೆ. ಬಾಗಿಲು ಮುಂದೆ ಮಾಡು ಎಂದರು, ಮಾಡಿದೆ.

"ಡಾಕ್ಟರ್ ಏನಂದ್ರು? ಅವರು ಅಂದದ್ದ ಅಂದಂಗ ಹೇಳು. ನಿನ್ನ ಮಾತ ಸೇರಸಬ್ಯಾಡ."

ಹೇಳಿದೆ. ಕ್ಯಾನ್ಸರ್ ಅನ್ನುವ ಶಬ್ದವನ್ನೂ ನುಂಗದೆ ಹೇಳಿದೆ. ಹೊಟ್ಟೆಯ ಗೋಡೆ, ಗಂಟುಗಳು, ಲಿವರಿನ ಮೇಲಿನ ಕಲೆ, ಎಲ್ಲ ಹೇಳಿದೆ. ಅತ್ತೆ ಕಣ್ಣು ಮಿಟುಕಿಸದೆ ಕೇಳಿದರು.  ನಾನು ಕೈ ಹಿಡಿದುಕೊಂಡೆ. ಆಮೇಲೆ ಕೇಳಿದರು:

"ಆ ಕಲಿ ಏನಂತ ಈಗ ಹೇಳಾಕ ಬರೂದಿಲ್ಲ ಅಂದ್ರ ಅವರು?"

"ಹೌದ್ರಿ. ಎಂ.ಆರ್.ಐ. ಮಾಡಿದಮ್ಯಾಲ ಗೊತ್ತಾಕ್ಕೈತಿ ಅಂದ್ರು."

"ಅಷ್ಟ ಸಾಲಿ ಕಲತ ಡಾಕ್ಟರಗ ಗೊತ್ತಾಗಲಾರದ್ದು ನನ್ನ ತಮ್ಮಗ ಹ್ಯಾಂಗ ಗೊತ್ತಾತು?"

ಎದ್ದು ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಬಂದರು. ಬಂದವರೆಲ್ಲ ಗಡಬಡಿಸಿ ನೆಟ್ಟಗೆ ಕೂತರು. ಅತ್ತೆ ಗೋಡೆಗೆ ಒಂದು ಕೈ ಕೊಟ್ಟು ನಿಂತರು.

"ನೋಡ್ರೆಪಾ, ಚಾ ಕುಡೀರಿ, ಊಟಾ ಮಾಡ್ರಿ. ಅಳೂದ ಇದ್ರ ನಾ ಸತ್ತಮ್ಯಾಲ ಬರ್ರಿ. ಏನಪಾ ತಮ್ಮಾ, ನನ್ನ ಹೊಟ್ಟಿ ಒಳಗ ಹೊಕ್ಕ ನೋಡಿ ಬಂದಿಯೇನ ನೀ?"

"ಅಕ್ಕಾ, ನಿನಗ ತ್ರಾಸ ಆಗಬಾರದು ಅಂತ..." ಎಂದು ಮಾವ ಅತ್ತುಬಿಟ್ಟರು.

"ತ್ರಾಸ ನನಗ, ಅಳೂದ ನಿನಗ! ಪೂರಾ ನೋಡ್ಲಿ ಅವರು. ನೋಡಿ, ಹೋಗೇತಿ ಅಂದ್ರ ಹೋಗೇತಿ ಅಂತ ನಾನೂ ಒಪ್ಕೋತೀನಿ. ನೋಡೂಕ್ಕಿಂತ ಮೊದಲ ನನ್ನ ಮಣ್ಣ ಮಾಡಬ್ಯಾಡ್ರಿ." ಮಗನ ಕಡೆ ತಿರುಗಿದರು. "ಮಿರಜಿಗೆ ಗಾಡಿ ತಗಿ."

ಯಜಮಾನರು ಆಗ ಎದ್ದರು. ಎದ್ದವರು ಮತ್ತೆ ಕೂರಲಿಲ್ಲ. ಅಲ್ಲಿಂದ ಮುಂದೆ ಒಂದು ದಿನವೂ ಅವರು ಹಿಂದೆ ಸರಿದದ್ದನ್ನು ನಾನು ಕಾಣೆ.

ಮಿರಜಿನ ದೊಡ್ಡ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ ಸರ್ಜನ್ ನಡುವಯಸ್ಸಿನ ಹೆಂಗಸು, ಮರಾಠಿ ಮಾತಾಡುವವರು; ಅಲ್ಲಿಯ ರೂಢಿಯಂತೆ ನಾವೂ ಅವರನ್ನು ಬಾಯಿ, ಅಂದರೆ ಅಮ್ಮಾವ್ರು, ಅಂತ ಕರೆದೆವು. ನಮಗೆ ಮರಾಠಿ ಹೊಸದಲ್ಲ. ಅವರೂ ನಡುನಡುವೆ ಗಡಿಭಾಗದ ರೋಗಿಗಳಿಂದ ಕಲಿತ ಕನ್ನಡ ಬೆರೆಸುತ್ತಿದ್ದರು. ವಿಜಯಪುರದ ಫಿಲ್ಮುಗಳನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲಿನ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ, ಆ ಕಲೆ ಏನೆಂದು ತಿಳಿಯದೆ ನಾನು ಚಾಕು ಮುಟ್ಟುವುದಿಲ್ಲ ಎಂದರು. ಎಂ.ಆರ್.ಐ.ಗೆ ಬರೆದರು.

ಅಲ್ಲಿ ಒಂದು ಅಡಚಣೆ ಎದುರಾಯಿತು. ಅತ್ತೆಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಸಿ.ಟಿ. ಮಾಡುವಾಗ ಅದನ್ನು ಭುಜದ ಮೇಲಕ್ಕೆ ಸರಿಸಿದ್ದರಷ್ಟೆ. ಎಂ.ಆರ್.ಐ. ಮಷೀನು ದೊಡ್ಡ ಅಯಸ್ಕಾಂತವಂತೆ. ಒಳಗೆ ಲೋಹ ಒಯ್ಯುವಂತಿಲ್ಲ. ಕಿವಿಯ ಓಲೆ, ಮೂಗಬಟ್ಟು ಮಾತಿಲ್ಲದೆ ಬಿಚ್ಚಿಕೊಟ್ಟ ಅತ್ತೆ ಕರಡಿಗೆಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟರು.

"ದೀಕ್ಷಾ ಆದಾಗಿಂದ ಇದು ನನ್ನ ಮೈ ಬಿಟ್ಟಿಲ್ರಿ. ಇದನ್ನ ಹೊರಗ ಇಟ್ಟು ನಾ ಒಳಗ ಬರೂದಿಲ್ಲ."

ಮಷೀನು ನಡೆಸುವ ಹುಡುಗ ಸಭ್ಯ. ಅವನಿಗೆ ಅತ್ತೆಯ ಮಾತೂ ಅರ್ಥವಾಗಿತ್ತು, ಅವನ ನಿಯಮವೂ ದಾಟುವಂಥದಲ್ಲ. ನಾನು ಕೇಳಿದೆ: ಬೆಳ್ಳಿ ಹೊರಗಿರಲಿ, ಒಳಗಿನ ಲಿಂಗ ಕಲ್ಲಿನದು, ಅದನ್ನಷ್ಟೇ ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ ನಡೆಯುತ್ತದೆಯೇ? ಅವನು ಒಳಗೆ ಹೋಗಿ ಸ್ಕ್ಯಾನಿಂಗ್ ಡಾಕ್ಟರನ್ನು ಕರೆದುಕೊಂಡು ಬಂದ. ಅವರು ಒಂದು ಸಣ್ಣ ಅಯಸ್ಕಾಂತ ತಂದು ಲಿಂಗದ ಹತ್ತಿರ ಹಿಡಿದು ನೋಡಿದರು. ಲಿಂಗ ಅಲುಗಲಿಲ್ಲ. ಅಂಗೈಯಲ್ಲಿ ಭದ್ರವಾಗಿ ಕಟ್ಟಿಕೊಂಡು ಬರುವುದಾದರೆ ಆಗಲಿ, ಗುಂಡಿ, ಪಿನ್ನು, ಜರಿ ಯಾವುದೂ ಇರಬಾರದು ಎಂದರು.

ಸೂಜಿದಾರ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ನನ್ನ ಹೊಸ ಕರವಸ್ತ್ರ ಹರಿದು, ಆ ಹೊರಗಿನ ಬೆಂಚಿನ ಮೇಲೆ ಕೂತು ಒಂದು ಪುಟ್ಟ ಚೀಲ ಹೊಲಿದೆ. ಎರಡು ಕಡೆ ಕಟ್ಟಿಕೊಳ್ಳಲು ಬಟ್ಟೆಯದೇ ಕಸಿ. ಬದುಕಿನಲ್ಲಿ ಎಷ್ಟೋ ಬಟ್ಟೆ ಹೊಲಿದಿದ್ದೇನೆ, ಅಷ್ಟು ಬಿಗಿಯಾದ ಹೊಲಿಗೆ ಇನ್ನೊಂದಿಲ್ಲ. ಅತ್ತೆ ಕಣ್ಣು ಮುಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ನಾನು ಅದನ್ನು ಚೀಲದಲ್ಲಿಟ್ಟು ಅವರ ಎಡಗೈಗೆ ಕಟ್ಟಿದೆ. ಬರಿದಾದ ಕರಡಿಗೆಯನ್ನು ನನ್ನ ಕೊರಳಿಗೆ ಹಾಕಿದರು.

"ಚಲೋ ಹೊಲದಿ" ಎಂದರು. ನನ್ನ ಹೊಲಿಗೆಯಲ್ಲಿ ಯಾವತ್ತೂ ತಪ್ಪು ಹುಡುಕದೆ ಬಿಡದ ಬಾಯಿಯಿಂದ ಆ ಮಾತು ಕೇಳಿ ನಾನು ಮುಖ ತಿರುಗಿಸಿಕೊಂಡೆ, ಕಣ್ಣೀರು ಕಾಣಬಾರದೆಂದು.

ಬಾಗಿಲಿನ ಆಚೆಯಿಂದ ಮಷೀನಿನ ಬಡಿತ ಕೇಳುತ್ತಿತ್ತು. ನಡುವೆ ಮರಾಠಿಯಲ್ಲಿ ಒಂದು ಧ್ವನಿ: "ಶ್ವಾಸ ಘ್ಯಾ... ರೋಖೂನ ಧರಾ... ಸೋಡಾ." ಪ್ರತಿ ಸಲ ಆ ಧ್ವನಿ ಬಂದಾಗ ನಾನೂ ಉಸಿರು ಹಿಡಿಯುತ್ತಿದ್ದೆ, ಬಿಡುತ್ತಿದ್ದೆ. ಪಕ್ಕದಲ್ಲಿ ಯಜಮಾನರೂ ಅದನ್ನೇ ಮಾಡುತ್ತಿದ್ದಾರೆಂದು ಆಮೇಲೆ ಗೊತ್ತಾಯಿತು. ಹೊರಬಂದ ಅತ್ತೆ ಹೇಳಿದ್ದು ಇಷ್ಟು: "ಓಣ್ಯಾನ ಹೆಣ್ಣಮಕ್ಕಳೆಲ್ಲಾ ಕೂಡಿ ತಲಿ ಸುತ್ತೂ ಹುಣಸಿಹಣ್ಣ ಬಡದಂಗ ಆತು. ಒಂದೂ ಉಸರ ತಪ್ಪಿಸಿಲ್ಲ ನಾ."

ಸ್ಕ್ಯಾನಿಂಗ್ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರ ಅಜ್ಜಿಯ ಊರು ಅಥಣಿ ಕಡೆ, ಹಾಗಾಗಿ ಕನ್ನಡ ಬರುತ್ತಿತ್ತು. ಮರುದಿನ ಸರ್ಜನ್ ಬಾಯಿ ನಮ್ಮನ್ನು ಈ ಚಿಕ್ಕ ಡಾಕ್ಟರ ಕೋಣೆಗೇ ಕರೆಸಿದರು. ಬೆಳಕು ಮಂದ ಮಾಡಿದ ಕೋಣೆ, ಎದುರಿಗೆ ದೊಡ್ಡ ಪರದೆ. ನಾನು, ಅತ್ತೆ, ಯಜಮಾನರು ಸಾಲಾಗಿ ಕೂತೆವು. ಪರದೆಯ ಮೇಲೆ ಅತ್ತೆಯ ಹೊಟ್ಟೆ ಪದರ ಪದರವಾಗಿ ಸರಿಯುತ್ತಿತ್ತು. ಚಿಕ್ಕ ಡಾಕ್ಟರು ಬೆರಳಿಟ್ಟು ತೋರಿಸಿದರು:

"ಅಜ್ಜೀ, ಇದು ನಿಮ್ಮ ಲಿವರ್. ಈ ಕಲಿ ಕಾಣಸ್ತದಲ್ಲಾ, ಇದರ ಸಲುವಾಗಿನ ನೀವು ಇಲ್ಲಿ ತನಕ ಬಂದೀರಿ. ಈಗ ನೋಡ್ರಿ. ನಾವು ಏರಿಸಿದ ಔಷಧ ಮೊದಲ ಇದರ ಅಂಚಿಗೆ ಬಂತು. ಆಮ್ಯಾಲ ಹಗೂರಕ ಒಳಗ ಒಳಗ ತುಂಬಕೋತ ಹೋತು. ಹಿಂಗ ತುಂಬೂದು ರಕ್ತನಾಳದ ಗಂಟು. ಹುಟ್ಟಿನಿಂದನೂ ಇರ್ತದ, ಯಾರಿಗೂ ಏನೂ ಮಾಡೂದಿಲ್ಲ. ಕ್ಯಾನ್ಸರ್ ಹಿಂಗ ತುಂಬೂದಿಲ್ಲ."

ಅತ್ತೆ ಮುಂದೆ ಬಾಗಿ ಪರದೆಯ ಮೇಲಿನ ಆ ಬಿಳಿಯ ಚುಕ್ಕೆಯನ್ನು ದಿಟ್ಟಿಸಿ ನೋಡಿದರು.

"ಅಂದ್ರ ಹರಡಿಲ್ಲ?"

"ಲಿವರಿಗೆ ಹರಡಿಲ್ರಿ ಅಜ್ಜಿ."

ಯಜಮಾನರು ಎದ್ದು ಹೊರಗೆ ಹೋದರು. ಗಾಜಿನ ಬಾಗಿಲಿನಾಚೆ ಗೋಡೆಗೆ ಹಣೆ ಹಚ್ಚಿ ನಿಂತದ್ದು ಕಾಣುತ್ತಿತ್ತು. ಅತ್ತೆ ಆ ಚಿಕ್ಕ ಡಾಕ್ಟರ ಎರಡೂ ಕೈ ಹಿಡಿದುಕೊಂಡು ಹಣೆಗೊತ್ತಿಕೊಂಡರು. ನಾನು ಆ ಮಂದ ಬೆಳಕಿನಲ್ಲಿ ಮನಸಾರೆ ಅತ್ತುಬಿಟ್ಟೆ.

ಕೆಲಸ ಇನ್ನೂ ಇತ್ತು. ಸರ್ಜನ್ ಬಾಯಿ ಸ್ಕ್ಯಾನಿಗೂ ಮಿತಿ ಇದೆ ಎಂದರು. ಹೊಟ್ಟೆಯ ಒಳಪೊರೆಯ ಮೇಲೆ ಸಜ್ಜೆಕಾಳಿನಷ್ಟು ಸಣ್ಣ ಗಂಟುಗಳಿದ್ದರೆ ಯಾವ ಸ್ಕ್ಯಾನಿಗೂ ಕಾಣದೆ ಉಳಿಯಬಹುದು. ಆದ್ದರಿಂದ ಹೊಕ್ಕಳ ಹತ್ತಿರ ಸಣ್ಣ ತೂತು ಮಾಡಿ ದುರ್ಬೀನು ಬಿಟ್ಟು ಕಣ್ಣಾರೆ ನೋಡಿ, ಒಳಗೆ ನೀರು ಹಾಕಿ ತೊಳೆದು ಆ ನೀರನ್ನೂ ತಪಾಸಣೆಗೆ ಕಳಿಸುತ್ತೇವೆ ಎಂದರು. ನನಗೆ ಒಂದು ಸಲ ಗೆದ್ದದ್ದನ್ನು ಮತ್ತೆ ಪಣಕ್ಕಿಟ್ಟ ಹಾಗೆ ಅನಿಸಿತು. ಅತ್ತೆ ಮಾತ್ರ ಕೂಡಲೇ ಒಪ್ಪಿದರು. "ನೋಡ್ರಿ, ಮೂಲಿ ಮೂಲಿ ಬಿಡದ ನೋಡ್ರಿ. ಅರ್ಧಾ ನೋಡಿದ್ದ ನನಗ ಬ್ಯಾಡ."

ಆ ದುರ್ಬೀನು ಬಿಡುವ ದಿನ ಕುಣಿಕೋಣೂರದ ಮಾವ ಕೂಡ ಬಂದಿದ್ದರು. ಹೊರಗೆ ಕಾಯುವಾಗ ಅವರು ನನಗೆಂದು ಚಹಾ ತಂದುಕೊಟ್ಟು, ಅದು ಆರಿದ್ದು ಕಂಡು ಮತ್ತೊಂದು ತಂದರು. ಸರ್ಜನ್ ಬಾಯಿ ಹೊರಬಂದು ಮುಖದ ಮಾಸ್ಕ್ ಕೆಳಗಿಳಿಸಿ ಹೇಳಿದರು, ಒಳಗೆಲ್ಲ ಸ್ವಚ್ಛ ಇದೆ. ತೊಳೆದ ನೀರಿನ ತಪಾಸಣೆಯಲ್ಲೂ ಏನೂ ಬರಲಿಲ್ಲ. ಮಾವ ಆ ಸುದ್ದಿ ಕೇಳಿ ನನ್ನ ತಲೆಯ ಮೇಲೆ ಕೈ ಇಟ್ಟು, "ನಾ ಮನ್ಯಾಗ ಕೂಡ್ಸು ಅಂದಿದ್ನಲ್ಲವಾ ತಂಗಿ" ಎಂದಷ್ಟೇ ಅಂದರು. 

ಆಪರೇಷನ್ನಿಗೆ ಮುಂಚೆ ಗಡ್ಡೆ ಕುಗ್ಗಿಸಲು ಕೀಮೋ ಕೊಟ್ಟರು. ಆ ತಿಂಗಳುಗಳು ಸುಲಭದವಲ್ಲ. ಅತ್ತೆಯ ಕೂದಲು ಉದುರಿತು, ಬಾಯಿ ಹುಣ್ಣಾಯಿತು, ಒಂದು ಗುಟುಕು ಅಂಬಲಿಗೂ ವಾಂತಿ. ಒಂದು ದಿನ ಹಾಸಿಗೆಯಲ್ಲಿ ಗೋಡೆಯ ಕಡೆ ಹೊರಳಿ, "ಸಾಕಾತ ನನಗ" ಎಂದರು. ನಾನು ಪಕ್ಕದಲ್ಲೇ ಹೊಲಿಗೆ ಮಷೀನು ತಂದಿಟ್ಟು ಕೆಲಸಕ್ಕೆ ಕೂತೆ. ತುಸು ಹೊತ್ತಿಗೆ ಅವರು ಈ ಕಡೆ ಹೊರಳಿ, ಗಿರಾಕಿಯ ಜಂಪರದ ಕೊರಳು ಓರೆಯಾಗಿದೆ ಎಂದು ತಕರಾರು ಮಾಡಿದರು. ಓರೆಯಾಗಿರಲಿಲ್ಲ. ಆದರೂ ನಾನು ಬಿಚ್ಚಿ ಮತ್ತೆ ಹೊಲಿದೆ, ಅಷ್ಟು ಸಂತೋಷವಾಗಿತ್ತು.

ಕೀಮೋ ಮುಗಿದ ಮೇಲೆ ಮತ್ತೆ ಸಿ.ಟಿ. ಈ ಸಲ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ದಪ್ಪಗಿದ್ದ ಗೋಡೆ ತೆಳ್ಳಗಾಗಿತ್ತು, ಬಾತ ಗಂಟುಗಳು ಕುಗ್ಗಿದ್ದವು. ಆ ನಿರುಪದ್ರವಿ ಕಲೆ ಮಾತ್ರ ಇದ್ದಲ್ಲೇ ಇತ್ತು. "ಇದ್ಕ ಏನೂ ಆಗಿಲ್ಲ ನೋಡ್ರಿ, ಎಷ್ಟ ಹೆದರಿಸಿತ್ತಿದು" ಎಂದು ಅತ್ತೆ ಅದಕ್ಕೆ ಬೆರಳು ತೋರಿಸಿ ಬೈದರು. ಚಿಕ್ಕ ಡಾಕ್ಟರು ನಗು ತಡೆಯಲಾಗದೆ ಕುರ್ಚಿ ತಿರುಗಿಸಿಕೊಂಡರು.

ಆಪರೇಷನ್ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ದಾಟಿತು. ಜಠರದ ಕೆಳಗಿನ ದೊಡ್ಡ ಭಾಗ ತೆಗೆದು, ಸುತ್ತಲಿನ ಗಂಟುಗಳನ್ನೂ ತೆಗೆದು, ಉಳಿದದ್ದನ್ನು ಕರುಳಿಗೆ ಜೋಡಿಸಿದರು. ಒಳಗೆ ಏನಿರಬಹುದೆಂದು ಸ್ಕ್ಯಾನು ಹೇಳಿತ್ತೋ ಅದೇ ಇತ್ತು, ಅನಿರೀಕ್ಷಿತ ಏನೂ ಸಿಗಲಿಲ್ಲ, ಮೊದಲೇ ಅಷ್ಟು ನೋಡಿಕೊಂಡಿದ್ದರಿಂದ ನನ್ನ ಕೈ ತಡವರಿಸಲಿಲ್ಲ ಎಂದು ಸರ್ಜನ್ ಬಾಯಿ ಹೇಳಿದರು. ತೆಗೆದ ಭಾಗದ ತಪಾಸಣೆ ಬಂತು. ಕೊಯ್ದ ಅಂಚುಗಳಲ್ಲಿ ಕ್ಯಾನ್ಸರ್ ಇಲ್ಲ. ಉಳಿದ ಕೀಮೋವನ್ನೂ ಅತ್ತೆ ಹಲ್ಲು ಕಚ್ಚಿ ಮುಗಿಸಿದರು.

ಊರಿಗೆ ಬಂದ ದಿನ ಯಜಮಾನರು ಜೀಪನ್ನು ಮನೆಯ ಮುಂದೆ ನಿಲ್ಲಿಸದೆ ಸಂತೆಯ ಬೀದಿಯಲ್ಲಿ ಒಂದು ಸುತ್ತು ಹಾಕಿಸಿದರು. ಯಾರೂ ಹೇಳಿರಲಿಲ್ಲ. ಅತ್ತೆ ಮುಂದಿನ ಸೀಟಿನಲ್ಲಿ ತಲೆಗೆ ಸೆರಗು ಹೊದ್ದು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ತರಕಾರಿ ಮಾರುವವರು, ಬಳೆಗಾರ ಕಾಕಾ, ಹಿಟ್ಟಿನ ಗಿರಣಿಯವರು ಎಲ್ಲ ಎದ್ದು ನಿಂತು ಮಾತಾಡಿಸಿದರು. "ಬಂದ್ರಿ ಅವ್ವಾ?" "ಬಂದ್ನಪಾ!" ಅದೊಂದೇ ಉತ್ತರವನ್ನು ಅತ್ತೆ ಬೀದಿಯ ಉದ್ದಕ್ಕೂ ಹೇಳುತ್ತ ಬಂದರು, ಪ್ರತಿ ಸಲವೂ ಇನ್ನಷ್ಟು ಜೋರಾಗಿ.

ಈಗ ಅತ್ತೆಯದು ಸಣ್ಣ ಹೊಟ್ಟೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಲ ಉಣ್ಣುತ್ತಾರೆ. ಗಡಬಡಿಸಿ ಉಂಡರೆ ಬೆವರು ಬಂದು ತಲೆ ತಿರುಗುತ್ತದೆ, ಅದನ್ನೂ ಕಲಿತುಕೊಂಡಿದ್ದಾರೆ. ತಪಾಸಣೆಗೆ ಮಿರಜಿಗೆ ಹೋಗುವ ದಿನ ಬಂದರೆ ಮುನ್ನಾದಿನವೇ ಸೀರೆ ಮಡಿಚಿಟ್ಟುಕೊಳ್ಳುತ್ತಾರೆ. ಮೊನ್ನೆ ಹೋದಾಗ ಸ್ಕ್ಯಾನು ಮತ್ತೆ ಸ್ವಚ್ಛ ಬಂದಿತ್ತು. ಸರ್ಜನ್ ಬಾಯಿ, ಇನ್ನು ಆರು ತಿಂಗಳಿಗೆ ಬನ್ನಿ ಎಂದರು.

"ಆರ ಯಾಕ್ರಿ? ಒಂದ ವರ್ಷ ಮಾಡ್ರಿ."

"ಇಲ್ಲ ಆಜಿ, ಆರ."

"ಹೋಗ್ಲಿ, ನಿಮ್ಮದೂ ಬ್ಯಾಡ ನಮ್ಮದೂ ಬ್ಯಾಡ, ಒಂಬತ್ತ ಮಾಡ್ರಿ."

ಸರ್ಜನ್ ಬಾಯಿ ಪೆನ್ನು ಕೆಳಗಿಟ್ಟು ನಕ್ಕರು, ಆದರೆ ಆರೇ ಬರೆದರು. ಹೊರಗೆ ಬಂದ ಮೇಲೆ ಅತ್ತೆ ನನ್ನ ತೋಳು ಹಿಡಿದು ಮೆಟ್ಟಿಲಿಳಿಯುತ್ತ, ಈ ಬಾಯಿ ಮಾತಿಗೆ ಬಗ್ಗುವವಳಲ್ಲ ಎಂದು ಹೆಮ್ಮೆಯಿಂದಲೇ ಹೇಳಿದರು. ಆಮೇಲೆ, ಹೊಟ್ಟೆ ಹಸಿದಿದೆ, ಇಲ್ಲಿ ಇಡ್ಲಿ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಮಗನನ್ನು ಕೇಳಿದರು.